ಮೆಲ್ಲಗೆ ಮಾತಾಡಲು ಬಾರದ ಅಜ್ಜ

ಅಜ್ಜ ತೀರಿಕೊಂಡು ಎಂಟು ತಿಂಗಳಾಯಿತು. ಅಮ್ಮನ ಅಪ್ಪ ಅವರು. ಭದ್ರಾವತಿಯ ಒಂದು ಸಣ್ಣ ಫೌಂಡ್ರಿಯಲ್ಲಿ ಕಬ್ಬಿಣದ ಎರಕ ಹೊಯ್ಯುತ್ತಲೇ ವಯಸ್ಸು ಕಳೆದವರು. ವರ್ಷಗಟ್ಟಲೆ ಆ ಸದ್ದಿನಲ್ಲಿದ್ದು ಕಿವಿ ಮಂದವಾಗಿತ್ತು. ತಮಗೆ ಕೇಳಿಸದಿದ್ದರೆ ಎದುರಿನವರಿಗೂ ಕೇಳಿಸುವುದಿಲ್ಲವೆಂದು ನಂಬಿದವರ ಹಾಗೆ ಮಾತಾಡುತ್ತಿದ್ದರು. ಅವರು ನಮ್ಮ ಕಿವಿಯಲ್ಲಿ ಗುಟ್ಟು ಹೇಳಿದರೆ ಬೀದಿಯ ಕೊನೆಯ ಮನೆಗೂ ತಿಳಿಯುತ್ತಿತ್ತು. ಅವರ ಮಗ, ನನ್ನ ಸೋದರಮಾವ, ಕಿವಿಗೆ ಮಿಷಿನ್ ತಂದುಕೊಟ್ಟಿದ್ದರು. ಗುಂಯ್ ಅನ್ನುತ್ತದೆಂದು ಅಜ್ಜ ಅದನ್ನು ಕನ್ನಡಕದ ಡಬ್ಬಿಯೊಳಗೆ ಹಾಕಿಟ್ಟಿದ್ದರು.

ಮದುವೆಯಾದ ಎರಡೇ ವರ್ಷಕ್ಕೆ ನಾನು ಶಿವಮೊಗ್ಗದ ಗೋಪಾಳದಲ್ಲಿದ್ದ ತವರಿಗೆ ವಾಪಸು ಬಂದೆ. ಅಪ್ಪ ಇಲ್ಲದ ಮನೆ, ಅಮ್ಮ ಒಬ್ಬಳೇ. ಅವಳು ಬೈಯಲಿಲ್ಲ, ಹೊತ್ತಿಗೆ ಸರಿಯಾಗಿ ಅನ್ನ ಹಾಕಿದಳು. ಆದರೆ ಬೀದಿಯ ಕಡೆಯ ಕಿಟಕಿ ತೆಗೆಯುವುದನ್ನು ನಿಲ್ಲಿಸಿದಳು. ಯಾರಾದರೂ ಬಂದರೆ "ಹುಷಾರಿಲ್ಲ ಅವಳಿಗೆ, ಅದಕ್ಕೇ ಬಂದಿದಾಳೆ" ಅನ್ನುತ್ತಿದ್ದಳು. ಒಂದು ತಿಂಗಳಾಗುವ ಹೊತ್ತಿಗೆ ನನಗೆ ನಿಜಕ್ಕೂ ಹುಷಾರು ತಪ್ಪಿತ್ತು. ಮಧ್ಯಾಹ್ನವಾದರೂ ಚಾಪೆ ಬಿಟ್ಟು ಏಳುತ್ತಿರಲಿಲ್ಲ. ಮಾತು ಹೂಂ, ಉಹೂಂಗೆ ಬಂದು ನಿಂತಿತ್ತು.

ಒಂದು ಬೆಳಿಗ್ಗೆ ಅಜ್ಜ ಬಂದರು. ಚಪ್ಪಲಿ ಬಿಡುವ ಮೊದಲೇ, "ಬಟ್ಟೆ ತುಂಬ್ಕೋ ಮಗಾ. ನನ್ ಜೊತೆ ಬಾ" ಅಂದರು.

"ಎಷ್ಟು ದಿನಕ್ಕಪ್ಪ?" ಅಮ್ಮ ಕೇಳಿದಳು. ಅಜ್ಜನಿಗೆ ಕೇಳಿಸಲಿಲ್ಲವೋ, ಕೇಳಿಸಿಯೂ ಸುಮ್ಮನಿದ್ದರೋ, ನೀರು ಕುಡಿದು ಹೊರಗೆ ಹೋಗಿ ನಿಂತರು.

ಬಸ್ಸು ತುಂಬಿತ್ತು. ನಮಗೆ ಹಿಂದಿನ ಸೀಟು ಸಿಕ್ಕಿತು. ಊರು ದಾಟುತ್ತಿದ್ದಂತೆ ಅಜ್ಜ ನನ್ನ ಕಡೆ ಬಾಗಿ, ತಮ್ಮ ಲೆಕ್ಕದಲ್ಲಿ ಮೆಲ್ಲಗೆ ಹೇಳಿದರು: "ಗಂಡನ ಮನೆ ಸರಿ ಹೋಗ್ಲಿಲ್ಲ ಅಂದ್ರೆ ನೀನು ಸರಿ ಇಲ್ಲ ಅಂತಲ್ಲ, ತಿಳೀತಾ?"

ಇಡೀ ಬಸ್ಸು ತಿರುಗಿ ನೋಡಿತು. ಸೀಟಿನ ಕೆಳಗೆ ಜಾಗವಿದ್ದಿದ್ದರೆ ಹೋಗಿ ಅಡಗಿಕೊಳ್ಳುತ್ತಿದ್ದೆ. ಮುಂದೆ ಕೂತಿದ್ದ ಹೆಂಗಸೊಬ್ಬರು ಕತ್ತು ಹೊರಳಿಸಿ, "ಸರಿಯಾಗೇ ಹೇಳ್ತಿದಾರಲ್ಲ ನಿಮ್ಮಜ್ಜ" ಅಂದರು. ಅಜ್ಜ "ಏನಂತೆ?" ಎಂದು ಮತ್ತೂ ಜೋರಾಗಿ ಕೇಳಿದರು. ನನಗೆ ನಗು ಬಂತು. ನಕ್ಕು ಎಷ್ಟು ದಿನವಾಗಿತ್ತೆಂದರೆ, ಆ ದನಿ ನನ್ನದೇ ಎಂದು ತಿಳಿಯಲು ಒಂದು ಗಳಿಗೆ ಹಿಡಿಯಿತು.

ಅಜ್ಜನ ಮನೆ ಭದ್ರಾವತಿಯ ಹಳೇನಗರದಲ್ಲಿತ್ತು. ಅಜ್ಜಿ ಹೋದ ಮೇಲೆ ಪಕ್ಕದ ಮನೆಯ ತಮಿಳು ಅಮ್ಮನ ಹತ್ತಿರ ಅಡುಗೆ ಕಲಿತಿದ್ದರು. ಮೂರು ಹೊತ್ತೂ ಅವರೇ ಮಾಡಿ ಬಡಿಸಿದರು. ಏನಾಯಿತೆಂದು ಒಂದು ದಿನವೂ ಕೇಳಲಿಲ್ಲ. ನನಗೆ ಕೊಟ್ಟದ್ದು ಒಂದೇ ಕೆಲಸ. ಅವರ ಕಣ್ಣಿಗೆ ಪೊರೆ ಬಂದಿದ್ದರಿಂದ ದಿನವೂ ಪೇಪರ್ ಓದಿ ಹೇಳಬೇಕಿತ್ತು. ಮೆಲ್ಲಗೆ ಓದಿದರೆ ಅವರಿಗೆ ಕೇಳಿಸುತ್ತಿರಲಿಲ್ಲ.

"ಏನ್ ಮಾರಾಯ್ತಿ, ಇರುವೆ ಮಾತಾಡ್ದಂಗೆ ಮಾತಾಡ್ತೀಯ! ಗಟ್ಟಿ ಓದು."

ಅಡಿಕೆ ಧಾರಣೆ, ಕರೆಂಟ್ ಇಲ್ಲದ ಏರಿಯಾಗಳ ಪಟ್ಟಿ, ನಿಧನ ವಾರ್ತೆ, ಒಂದನ್ನೂ ಬಿಡುವಂತಿರಲಿಲ್ಲ. ಒಂದು ವಾರ ಗಂಟಲು ನೋಯಿತು. ಆಮೇಲೆ ರೂಢಿಯಾಯಿತು.

ಅವರೆಕಾಯಿ ಕಾಲ ಬಂತು. ಒಂದು ಬೆಳಿಗ್ಗೆ ಅಜ್ಜ ನನಗೆ ಬೆನ್ನು ಹಾಕಿ ಜಗುಲಿಯ ಬಿಸಿಲಲ್ಲಿ ಕಾಯಿ ಸುಲಿಯುತ್ತಿದ್ದರು. ನಾನು ಅವರ ಹಿಂದೆ, ಬಾಗಿಲ ಹೊಸ್ತಿಲಲ್ಲಿ ಕೂತಿದ್ದೆ. ಹೇಗೂ ಕೇಳಿಸುವುದಿಲ್ಲವಲ್ಲ ಎಂಬ ಧೈರ್ಯದಲ್ಲಿ ಬಾಯಿ ಬಿಟ್ಟೆ. ಮೊದಲ ಸಲ ಗಂಡನಿಂದ ಕೆನ್ನೆಗೆ ಬಿದ್ದ ಏಟು, ಆಮೇಲೆ ಅವನೇ ಕ್ಷಮಿಸೆಂದು ನನ್ನ ಕಾಲು ಹಿಡಿದದ್ದು, ಮಾರನೇ ವಾರ ಮತ್ತೆ ಅದೇ. ಅಮ್ಮನಿಗೂ ಹೇಳದ್ದನ್ನೆಲ್ಲ ಆ ಬೆನ್ನಿಗೆ ಹೇಳಿದೆ.

ಮುಗಿಸುವ ಹೊತ್ತಿಗೆ ಅಜ್ಜನ ಕೈ ನಿಂತಿತ್ತು. ನನ್ನ ಕಡೆ ತಿರುಗಿದರು. ಕಿವಿಯಲ್ಲಿ ಮಿಷಿನ್ ಇತ್ತು.

"ಬೆಳಿಗ್ಗೆ ಹಾಕ್ಕೊಂಡಿದ್ದೆ ಮಗಾ. ನೀನು ಶುರು ಮಾಡ್ದಾಗ ತೆಗೀಬೇಕು ಅನ್ನಿಸ್ತು. ತೆಗೆಯಕ್ಕೆ ಮನಸ್ಸು ಬರ್ಲಿಲ್ಲ." ಅವರ ದನಿ ಮೊದಲ ಬಾರಿಗೆ ಸಣ್ಣದಾಗಿತ್ತು. "ನಿಂಗೆ ಬೇಜಾರಾಯ್ತಾ?"

ಇಲ್ಲವೆಂದು ತಲೆಯಾಡಿಸಿದೆ. ಅವರ ಪಕ್ಕಕ್ಕೆ ಹೋಗಿ ಕೂತೆ. ಉಳಿದ ಕಾಯಿ ಇಬ್ಬರೂ ಸೇರಿ ಸುಲಿದೆವು. ಮಧ್ಯೆ ಮಧ್ಯೆ ಅವರು ಪಂಚೆಯ ಅಂಚಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅವರು ಅತ್ತದ್ದನ್ನು ಅಜ್ಜಿ ಹೋದಾಗಲೂ ನಾನು ನೋಡಿರಲಿಲ್ಲ.

ಮುಂದಿನ ಜೂನ್‌ನಲ್ಲಿ ಶಿವಮೊಗ್ಗದ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತು. ಭದ್ರಾವತಿಯಿಂದಲೇ ಓಡಾಡಿದೆ. ಮೂರು ವರ್ಷ ಅಜ್ಜ ನನ್ನ ಡಬ್ಬಿ ಕಟ್ಟಿದರು. ಎರಡು ದಿನಕ್ಕೊಮ್ಮೆ ಉಪ್ಪು ಮರೆಯುತ್ತಿದ್ದರು.

ಅವರು ಹೋದದ್ದೂ ಒಂದು ಬೆಳಿಗ್ಗೆಯೇ. ಕಾಫಿ ಕುಡಿದು, ಲೋಟ ಕೆಳಗಿಟ್ಟು, ಕುರ್ಚಿಗೆ ಒರಗಿದವರು ಏಳಲಿಲ್ಲ. ನಾನು ಎರಡನೇ ಪೀರಿಯಡ್‌ನಲ್ಲಿದ್ದೆ. ಫೋನ್ ಬಂದಾಗ ಬೋರ್ಡಿನ ಮೇಲೆ ಅರ್ಧ ಬರೆದ ವಾಕ್ಯ ಹಾಗೇ ಬಿಟ್ಟು ಬಂದೆ. ಮನೆಯಲ್ಲಿ ಆಗಲೇ ಫೌಂಡ್ರಿಯ ಹಳೆಯ ಗೆಳೆಯರು ಸೇರಿದ್ದರು. ಎಲ್ಲರದೂ ಅದೇ ಕಿವಿ. ದುಃಖವನ್ನೂ ಕೂಗಿಯೇ ಹೇಳಿಕೊಳ್ಳುತ್ತಿದ್ದರು. ಯಾರೋ ಅವರಿಗೆ ಸುಮ್ಮನಿರಲು ಹೇಳಹೊರಟಾಗ ಅಮ್ಮ, "ಬಿಡಿ, ಮಾತಾಡ್ಲಿ" ಅಂದಳು.

ಮೂರನೆಯ ದಿನ ಅಸ್ಥಿ ಬಿಡಲು ಕೂಡ್ಲಿಗೆ ಹೋದೆವು. ಮಾವ ನನ್ನನ್ನೂ ಅಮ್ಮನನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದರು. ತುಂಗೆಯೂ ಭದ್ರೆಯೂ ಸೇರುವಲ್ಲಿ ಮೊಣಕಾಲು ಮುಳುಗುವಷ್ಟು ನೀರಿಗಿಳಿದು, ಮಾವ ಮಡಕೆಯನ್ನು ನನ್ನ ಕಡೆ ಚಾಚಿ, "ನೀನೂ ಹಿಡಿ" ಅಂದರು. ಹಿಡಿದೆ. ಬೂದಿ ನೀರಿನ ಮೇಲೆ ತುಸು ಹೊತ್ತು ನಿಂತು, ಆಮೇಲೆ ಹರಿದುಹೋಯಿತು.

ಮೆಟ್ಟಿಲ ಮೇಲೆ ಒದ್ದೆ ಸೀರೆ ಹಿಂಡುತ್ತ ಅಮ್ಮ ಹೇಳಿದಳು: "ಅಪ್ಪ ನಿನ್ನ ಕರ್ಕೊಂಡು ಹೋಗ್ವಾಗ ನಂಗೆ ಹಗುರ ಆಯ್ತು ಕಣೆ. ಜನ ಕೇಳೋದು ತಪ್ಪಿತಲ್ಲ ಅಂತ. ಅದನ್ನ ನೆನೆಸ್ಕೊಂಡ್ರೆ ಈಗ್ಲೂ ನಾಚಿಕೆ ಆಗತ್ತೆ."

ಸೀರೆಯ ಇನ್ನೊಂದು ತುದಿ ಹಿಡಿದುಕೊಂಡೆ. ಇಬ್ಬರೂ ಸೇರಿ ಹಿಂಡಿದೆವು.

ನಾನು ಈಗಲೂ ಅಜ್ಜನ ಮನೆಯಲ್ಲೇ ಇದ್ದೇನೆ, ಭಾನುವಾರಗಳಲ್ಲಿ ಅಮ್ಮ ಭದ್ರಾವತಿಗೆ ಬರುತ್ತಾಳೆ. ಹೋದ ವಾರ ಅಡುಗೆ ಮಾಡುತ್ತ, "ಆ ಗಂಡನ ಮನೇಲಿ ಏನಾಯ್ತು ಅಂತ ನಂಗೂ ಹೇಳ್ತೀಯಾ?" ಎಂದು ಕೇಳಿದಳು. ಒಲೆ ಆರಿಸಿ, ಅವಳನ್ನು ಎದುರಿಗೆ ಕೂರಿಸಿಕೊಂಡು ಹೇಳಿದೆ.