ಟವಲಿನೊಳಗಿನ ಇನ್ನೊಂದು ಕೈ

ಕುರಿ ವ್ಯಾಪಾರದಲ್ಲಿ ಬಾಯಿಗಿಂತ ಕೈ ಮುಖ್ಯ. ದೇವದುರ್ಗದ ಸಂತೆಯಲ್ಲಿ ಹಳಬರು ಇವತ್ತಿಗೂ ರೇಟನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮಾರುವವನು, ಕೊಳ್ಳುವವನು ಎದುರುಬದುರು ನಿಂತು, ಹೆಗಲ ಮೇಲಿನ ಟವಲನ್ನು ಇಬ್ಬರ ಕೈ ಮೇಲೂ ಹೊದಿಸಿ ಒಳಗೊಳಗೆ ಬೆರಳು ಹಿಡಿಯುತ್ತಾರೆ. ಎಷ್ಟು ಬೆರಳು, ಎಷ್ಟು ಸಲ ಅದುಮಿದರು ಅನ್ನುವುದೇ ರೇಟು. ಸುತ್ತ ನಿಂತ ಮಂದಿಗೆ ಟವಲು ಅಲ್ಲಾಡುವುದಷ್ಟೇ ಕಾಣುತ್ತದೆ. ಒಪ್ಪಿ ಕೈ ಅದುಮಿದ ಮೇಲೆ ಆ ಮಾತು ತಿರುಗುವ ಹಾಗಿಲ್ಲ. ತಿರುಗಿಸಿದವನ ಟವಲಿನೊಳಗೆ ಮತ್ತೆ ಯಾರೂ ಕೈ ಹಾಕುವುದಿಲ್ಲ.

ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವನು. ನಮ್ಮ ಹಳ್ಳಿ ಗೂಗಲ್‌ನ ಹೊಳೆದಂಡೆಯಲ್ಲಿ ಅಪ್ಪನ ಕುರಿಗಳ ಹಿಂದೆ ತಿರುಗಿ, ಆಮೇಲೆ ಸಂತೆಯಲ್ಲಿ ದಲ್ಲಾಳಿಯಾಗಿ, ಈಗ ರಾಯಚೂರಿನಲ್ಲಿ ಸ್ವಂತ ಮನೆ ಮಾಡಿಕೊಂಡಿದ್ದೇನೆ. ಇದರಲ್ಲಿ ಟವಲಿನ ಪಾಲೆಷ್ಟೋ ಮೊಬೈಲಿನ ಪಾಲೂ ಅಷ್ಟೇ. ಟಗರಿನ ತುಟಿ ಬಿಡಿಸಿ ಹಲ್ಲು ತೋರಿಸಿ, ಬೆನ್ನು ಅದುಮಿ ತೋರಿಸಿ, ವಿಡಿಯೊ ಮಾಡಿ ದೂರದ ಗಿರಾಕಿಗೆ ಕಳಿಸಿದವರಲ್ಲಿ ನಮ್ಮ ಸಂತೆಯಲ್ಲಿ ನಾನೇ ಮೊದಲು. ಆಗ ನಕ್ಕವರೆಲ್ಲ ಈಗ ಅದನ್ನೇ ಮಾಡುತ್ತಾರೆ. ಫೋನಿನಲ್ಲಿ ಮೋಸ ಮಾಡಲು ಬಂದವರನ್ನೂ ನೋಡಿದ್ದೇನೆ. ಗುರುತಿಲ್ಲದವನು ಮೊದಲ ಮಾತಿಗೇ ಸಿಹಿಯಾದರೆ ಅವನ ಕುರಿಗೆ ರೋಗವಿದೆ ಅಂತ ಲೆಕ್ಕ ಹಾಕುವುದು ನನ್ನ ರೂಢಿ. ಆ ರೂಢಿಯೇ ನನ್ನನ್ನು ಉಳಿಸಿತು. ಹಾಗಾಗಿ ನನಗೆಲ್ಲ ತಿಳಿದಿದೆ ಅಂದುಕೊಂಡಿದ್ದೆ. ಬುದ್ಧಿ ಹೇಳುವ ಚಟವಂತೂ ಮೊದಲಿನಿಂದಲೂ ಇತ್ತು.

ನನ್ನ ತಂಗಿಯನ್ನು ಮಾನ್ವಿಗೆ ಕೊಟ್ಟಿದ್ದೇವೆ. ಅವಳ ಗಂಡ ಅಕ್ಕಿ ಗಿರಣಿಯಲ್ಲಿ ಮೇಸ್ತ್ರಿ. ಅವರಿಗೆ ಒಬ್ಬಳೇ ಮಗಳು, ಆಗ ಒಂಬತ್ತನೆಯ ತರಗತಿ. ಅವಳ ಶಾಲೆಯಲ್ಲಿ ಒಂದು ದಿನ ಮಕ್ಕಳನ್ನೂ ಕೂರಿಸಿ ಪಾಲಕರ ಸಭೆ ಕರೆದಿದ್ದರು. ಗಂಡ ಗಿರಣಿ ಬಿಟ್ಟು ಬರುವುದಿಲ್ಲವೆಂದು ತಂಗಿ ನನ್ನನ್ನು ಕರೆಸಿದಳು. ಮುಖ್ಯ ಶಿಕ್ಷಕಿ ಗೋಡೆ ಮೇಲೆ ಚಿತ್ರ ಬಿಟ್ಟು, ಮಕ್ಕಳು ಮೊಬೈಲಿನಲ್ಲಿ ಹೇಗೆ ಜೋಪಾನವಾಗಿರಬೇಕು ಅಂತ ವಿವರಿಸುತ್ತಿದ್ದರು. ಹಿಂದಿನ ಸಾಲಿನ ಮಕ್ಕಳು ತೂಕಡಿಸುತ್ತಿದ್ದವು. ನನಗೆ ತಡೆಯಲಾಗಲಿಲ್ಲ, ಎದ್ದುನಿಂತೆ.

“ಟೀಚರ್, ನಂಗೊಂದೆರಡು ಮಾತು ಆಡಾಕ ಬಿಡ್ರಿ.”

ಅವರು ನಕ್ಕು ಜಾಗ ಬಿಟ್ಟರು. ನಾನು ಹೆಗಲ ಟವಲು ತೆಗೆದು, ಸೊಸೆಯನ್ನು ಮುಂದಕ್ಕೆ ಕರೆದೆ. ತಂಗಿಯ ಮಗಳು ನನಗೆ ಸೊಸೆ ತಾನೇ. ಅವಳ ಕೈ ಮೇಲೆ ಟವಲು ಹೊದಿಸಿ, ಒಳಗೆ ಮೂರು ಬೆರಳು ಹಿಡಿದು ಮಕ್ಕಳನ್ನು ಕೇಳಿದೆ:

“ಎಷ್ಟು ಹಿಡಿದೀನಿ, ಹೇಳ್ರಿ ನೋಡೂಣು?”

“ಕಾಣವಲ್ದ್ರೀ!”

“ಮೊಬೈಲಿಗೆ ಬರೋ ಓಟಿಪಿ, ಆ ಆರು ಅಂಕಿನೂ ಹಿಂಗ. ಟವಲಿನಾಗ ಇರಬೇಕು. ಹೊರಗ ಬಂತೋ, ಟಗರೂ ಹೋತು, ಹಗ್ಗಾನೂ ಹೋತು. ತಿಳೀತಿಲ್ಲೋ?”

“ತಿಳೀತ್ರೀ!”

ಎಲ್ಲರಿಗೂ ಎಚ್ಚರವಾಗಿತ್ತು. ಮುಂದಿನ ಸಾಲಿನ ಚೂಟಿ ಹುಡುಗಿಯೊಬ್ಬಳು ಎದ್ದು, “ನಮ್ಮ ಗೆಳತಿ ಕೇಳಿದ್ರ ಏನ್ ಮಾಡೂದ್ರೀ?” ಅಂದಳು.

ನಾನು ಯೋಚಿಸಲೇ ಇಲ್ಲ. ಸಂತೆಯಲ್ಲಿ ಹೇಳುವುದನ್ನೇ ಹೇಳಿದೆ. “ನಂಬಿಗಸ್ತರು ಟವಲಿನ ಒಳಗ, ಉಳಿದವರು ಹೊರಗ.”

ಚಪ್ಪಾಳೆ ಬಿತ್ತು. ಆ ಚಪ್ಪಾಳೆ ನನ್ನನ್ನು ಕೆಡಿಸಿತು. ಆಮೇಲೆ ಕಲ್ಮಲದಲ್ಲಿ ಕರೆದರು, ಬಾಗಲವಾಡದಲ್ಲಿ ಕರೆದರು, ನಮ್ಮ ಗೂಗಲ್‌ನಲ್ಲಿ ಗುಡಿಯ ಕಟ್ಟೆಯ ಮೇಲೆಯೇ ಮಕ್ಕಳನ್ನು ಕೂರಿಸಿಕೊಂಡು ಹೇಳಿದೆ. ಭಾನುವಾರ ಬಂದರೆ ಸೊಸೆಯನ್ನೂ ಕರೆದುಕೊಂಡು ಹೋಗುತ್ತಿದ್ದೆ. ಟವಲಿನೊಳಗೆ ಕೈ ಹಾಕುವವಳು ಅವಳೇ. ಬರಬರುತ್ತಾ ನನಗಿಂತ ಚೆನ್ನಾಗಿ ಅವಳೇ ಹೇಳತೊಡಗಿದಳು. ಪಾಸ್‌ವರ್ಡ್ ಹೇಗಿರಬೇಕು, ಯಾವ ಲಿಂಕ್ ಒತ್ತಬಾರದು, ಊರಿನ ಹೆಸರು ಯಾಕೆ ಹಾಕಬಾರದು, ಎಲ್ಲವನ್ನೂ ಬಾಯಿಪಾಠ ಒಪ್ಪಿಸದೆ ಮಾಡಿಯೇ ತೋರಿಸುತ್ತಿದ್ದಳು.

ಮಾತು ಮುಗಿದ ಮೇಲೆ ಅಪ್ಪಂದಿರು ನನ್ನ ಸುತ್ತ ಮುಕುರುತ್ತಿದ್ದರು. ಕೇಳುತ್ತಿದ್ದುದು ಒಂದೇ: “ಮಗಳ ಫೋನಿನಾಗ ಏನೇನ್ ಅದ, ನಮ್ಮ ಫೋನಿನಾಗ ಕಾಣೂವಂಗ ಮಾಡಿಕೊಡ್ರಿ.” ಮಗನ ಫೋನಿನ ಬಗ್ಗೆ ಕೇಳಿದವನು ಒಬ್ಬನೂ ಇಲ್ಲ. ನಾನೂ ನಗುನಗುತ್ತಾ ಮಾಡಿಕೊಟ್ಟೆ. ಮಗಳು ಏನಾದರೂ ತಾನಾಗಿ ಬಂದು ಹೇಳಿದರೆ ಮೊದಲು ಏನನ್ನಬೇಕು ಅಂತ ಒಬ್ಬ ಅಪ್ಪನೂ ಕೇಳಲಿಲ್ಲ. ಕೇಳಿದ್ದರೂ ನನಗೇನು ಗೊತ್ತಿತ್ತು?

ಆ ವರ್ಷ ಎಳ್ಳಮಾವಾಸ್ಯೆ ಕಳೆದು ನಾಲ್ಕು ದಿನಕ್ಕೆ ಸೊಸೆಯ ಫೋನ್ ಬಂತು. ನಾನು ಸಂತೆಯಲ್ಲಿದ್ದೆ, ಹೋತದ ಕಿವಿ ಹಿಡಿದು ನಿಂತಿದ್ದೆ.

“ಮಾಮಾ, ನಂದು ಅಕೌಂಟ್ ಹೋತು.”

ಒಂದೊಂದೇ ಮಾತು ಹೊರಬಂತು. ಫೋಟೊ ಹಾಕುವ ಆ್ಯಪಿನಲ್ಲಿ ಅವಳಿಗೊಬ್ಬ ಗೆಳತಿ ಸಿಕ್ಕಿದ್ದಳು. ಮದರಂಗಿ ಹಚ್ಚಿದ ಎರಡು ಕೈ, ಅದೇ ಆ ಗೆಳತಿಯ ಚಿತ್ರ. ಸಿಂಧನೂರಿನವಳು, ತಾನೂ ಒಂಬತ್ತನೆಯ ತರಗತಿ ಅಂದಿದ್ದಳಂತೆ. ನಮ್ಮ ಹುಡುಗಿ ಹಾಕಿದ ರಂಗೋಲಿಯನ್ನೆಲ್ಲ ಮೆಚ್ಚಿ, ಮೂರು ತಿಂಗಳು ದಿನವೂ ಮಾತಾಡಿ, ಪರೀಕ್ಷೆಯ ಪ್ರಶ್ನೆ ಕೂಡ ಕಳಿಸಿದ್ದಳಂತೆ. ಆಮೇಲೊಂದು ದಿನ, “ನನ್ನ ಫೋನ್ ಕೆಟ್ಟದ. ನನ್ನ ಅಕೌಂಟಿನ ಆರು ಅಂಕಿ ನಿನ್ನ ಫೋನಿಗೆ ಬರ್ತದ, ಕಳಿಸು” ಅಂದಳಂತೆ. ನಂಬಿಗಸ್ತಳಲ್ಲವೇ, ಕಳಿಸಿದಳು. ಬಂದದ್ದು ಇವಳದೇ ಅಕೌಂಟಿನ ಅಂಕಿ. ಈಗ ಆ ಮದರಂಗಿಯ ಕೈಗಳು ಇವಳ ಫೋಟೊದ ಕೆಳಗೆ ಬರೆಯಬಾರದ ಮಾತು ಬರೆದು, ಬೀಗರಿಗೆಲ್ಲ, ತರಗತಿಯವರಿಗೆಲ್ಲ ಕಳಿಸುತ್ತಿದ್ದವು. ಆ ಕೈ ಹೆಣ್ಣಿನದೋ ಗಂಡಿನದೋ ಯಾರಿಗೆ ಗೊತ್ತು.

ಕೇಳಿಸಿಕೊಂಡು ನಾನು ಅಂದ ಮೊದಲ ಮಾತು ಇದು: “ಅಷ್ಟು ಊರಾಗ ಹೇಳಿಕೋತ ತಿರುಗಿದಾಕಿ ನೀನ, ನಿಂಗೆಲ್ಲಿ ಹೋಗಿತ್ತು ಬುದ್ಧಿ?”

ಆ ಮಾತನ್ನು ವಾಪಸ್ ತೆಗೆದುಕೊಳ್ಳಲು ಈಗ ಏನು ಬೇಕಾದರೂ ಕೊಟ್ಟೇನು. ಓದುವವರು ನನ್ನಿಂದ ಒಂದೇ ಒಂದು ಬುದ್ಧಿ ತೆಗೆದುಕೊಳ್ಳುವುದಾದರೆ ಇದನ್ನು ತೆಗೆದುಕೊಳ್ಳಿ. ಮಗು ಬಂದು ಹೇಳಿದಾಗ ನೀವಾಡುವ ಮೊದಲ ಮಾತಿನಲ್ಲೇ ಅದು ಎರಡನೆಯ ಸಲ ಬರುತ್ತದೋ ಇಲ್ಲವೋ ಅನ್ನುವುದು ತೀರ್ಮಾನವಾಗುತ್ತದೆ.

ಹೋತವನ್ನು ಅಲ್ಲೇ ಬಿಟ್ಟು ಮಾನ್ವಿಗೆ ಹೋದೆ. ಅಷ್ಟರಲ್ಲಿ ತಂಗಿಯ ಗಂಡ ಗಿರಣಿಯಿಂದ ಬಂದುಬಿಟ್ಟಿದ್ದ. ಅವನ ಅಣ್ಣನ ಮಗನ ಫೋನಿಗೂ ಆ ಚಿತ್ರ ಬಂದಿತ್ತು. ಪಡಸಾಲೆಯಲ್ಲಿ ಅವನೊಬ್ಬನೇ ಕುಳಿತಿದ್ದ. ತೌಡಿನ ಪುಡಿ ಇನ್ನೂ ಹುಬ್ಬಿನ ಮೇಲಿತ್ತು. ಮಗಳ ಶಾಲೆಯ ಚೀಲ ಅಟ್ಟದ ಮೇಲೆ ಹೋಗಿತ್ತು.

“ಬರ್ರಿ ಭಾವಾ, ಬರ್ರಿ. ನಿಮ್ಮ ಪಾಠ ಭಾಳ ಚಲೋ ಹತ್ತಿತ್ರಿ ನಮ್ಮ ಮನಿಗೆ,” ಅಂದ. “ನಾಳಿಂದ ಆಕಿ ಶಾಲಿಗಿ ಹೋಗಂಗಿಲ್ಲ. ಮುಂದಿನ ವರ್ಷ ಯಾರಾದ್ರೂ ಕೇಳ್ಕೊಂಡು ಬಂದ್ರ ಕೊಟ್ಟುಬಿಡ್ತೀನಿ.”

ತಂಗಿ ಅಡುಗೆಮನೆಯ ಬಾಗಿಲಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು. ಅವಳ ಹಿಂದೆ ಹುಡುಗಿ. ನಾನು ಕುಳಿತೆ. ಮೂವತ್ತು ವರ್ಷ ಸಂತೆಯಲ್ಲಿ ಮಾಡಿದ್ದನ್ನೇ ಅಲ್ಲೂ ಮಾಡಿದೆ. ಬೇಕಾದದ್ದನ್ನು ಮೊದಲು ಕೇಳಬಾರದು. ಬಿಟ್ಟುಕೊಡಲೆಂದೇ ಒಂದು ದೊಡ್ಡದನ್ನು ಮುಂದಿಡಬೇಕು. ಎದುರಿನವನು ಅದನ್ನು ಕಿತ್ತುಕೊಂಡ ಖುಷಿಯಲ್ಲಿರುವಾಗ ಬೇಕಾದದ್ದನ್ನು ಹಿಡಿದುಕೊಳ್ಳಬೇಕು.

“ತಮ್ಮಾ, ಮೊದಲು ಕಂಪ್ಲೇಂಟ್ ಕೊಡೂಣು ನಡಿ,” ಅಂದೆ. “ರಾಯಚೂರಾಗ ಇದಕ್ಕಂತನ ಪೊಲೀಸ್ರು ಅದಾರ. ಮಾಡಿದಾವ ಅವ, ಕದ್ದಾವ ಅವ. ಹುಡುಗಿದೇನು ತಪ್ಪು?”

“ಸ್ಟೇಷನ್ ಮೆಟ್ಲು ನನ್ನ ಮಗಳು ಹತ್ತಂಗಿಲ್ಲ! ಇಡೀ ಮಾನ್ವಿಗಿ ಗೊತ್ತಾಗ್ಲಿ ಅಂತೀರೇನು?”

“ಹುಡುಗಿ ಬ್ಯಾಡ, ನಾ ಹೋಗ್ತೀನಿ.”

“ನೀವು ಹೋದ್ರ ಹೆಸರು ಆಕಿದ ಬರೀಬೇಕಲ್ಲ. ಬಿಲ್ಕುಲ್ ಆಗಂಗಿಲ್ಲ.”

ನಾನು ಎದ್ದು ಚಪ್ಪಲಿ ಮೆಟ್ಟಿದಂತೆ ಮಾಡಿದೆ. ಅವನು ಕೈ ಹಿಡಿದು ಕೂರಿಸಿದ. ಹೀಗೆ ಎರಡು ಸಲ. ಆಮೇಲೆ ದೊಡ್ಡ ಉಸಿರು ಬಿಟ್ಟು, “ಆತು, ಕಂಪ್ಲೇಂಟ್ ಬಿಡ್ತೀನಿ. ಶಾಲಿ ಬಿಡಿಸಬ್ಯಾಡ. ಹತ್ತನೇ ಇಯತ್ತೆ ಮುಗೀಲಿ, ಆಮ್ಯಾಗ ಕಾಲೇಜಿಂದು ನಾ ನೋಡ್ತೀನಿ” ಅಂದೆ.

ಅವನು ತನ್ನ ಷರತ್ತು ಮುಂದಿಟ್ಟ. “ಫೋನ್ ಮುಟ್ಟಂಗಿಲ್ಲ. ನಿಮ್ಮ ಜೊತಿಗಿ ಊರೂರು ತಿರುಗಂಗಿಲ್ಲ. ಮತ್ತ ಈ ಸುದ್ದಿ ಪೊಲೀಸ್ರಿಗಿರಲಿ, ಟೀಚರಿಗಿರಲಿ, ನಿಮ್ಮ ಬಾಯಿಂದ ಹೊರಗ ಬಿದ್ದ ದಿನಾನ ಆಕಿ ಶಾಲಿ ಬಂದ್. ಒಪ್ಪಿಗಿ ಏನು?”

“ಒಪ್ಪಿಗಿ.”

“ಹಂಗಾದ್ರ ಹಾಸ್ರಿ ಟವಲ್,” ಅಂದ. ಚುಚ್ಚಲೆಂದೇ ಅಂದದ್ದು. ನಾನು ಹಾಸಿದೆ. ಒಳಗೆ ಅವನ ಕೈ ಬೆವತು ಒದ್ದೆಯಾಗಿತ್ತು. ಅವನೂ ಹೆದರಿದ್ದಾನೆ ಅಂತ ತಿಳಿದದ್ದೇ ಆಗ. ಆದರೂ ಅದುಮಿದೆ. ಒಳ್ಳೆಯ ವ್ಯಾಪಾರ ಮಾಡಿದೆ ಅನ್ನಿಸಿತು. ಸುಳ್ಳೇಕೆ, ಒಳಗೊಳಗೆ ಹೆಮ್ಮೆಯೂ ಆಯಿತು.

ಹೊರಡುವಾಗ ಹುಡುಗಿ ನೀರಿನ ಚೆಂಬು ತಂದು ಕೊಟ್ಟಳು. ಚೀಲ ಅಟ್ಟದಿಂದ ಇಳಿದಿತ್ತು. ಅವಳಿಂದ ಒಂದು ನಗು ಸಿಗಬಹುದು ಅಂತ ಕಾದೆ.

“ಸಂತ್ಯಾಗ ಕೈ ಮುಚ್ಚಿದ್ರೂ ಎದುರಿನವನ ಮಾರಿ ಕಾಣ್ತದಲ್ಲ ಮಾಮಾ,” ಅಂದಳು. “ಇಲ್ಲಿ ಆ ಮಾರೀನೇ ಟವಲಿನಾಗ ಇತ್ತು. ಅದನ್ನ ನೀವು ಹೇಳಿರ್ಲಿಲ್ಲ.”

ಮುಂದಿನ ಸಾಲಿನ ಆ ಚೂಟಿ ಹುಡುಗಿ ಕೇಳಿದ್ದು ಅದನ್ನೇ. ನಾನು ಚಪ್ಪಾಳೆಗೆ ಬೇಕಾದ ಉತ್ತರ ಕೊಟ್ಟಿದ್ದೆ. ಪೊಲೀಸರ ಮಾತನ್ನು ಮುಂದಿಟ್ಟು ಹಿಂದೆ ತೆಗೆದುಕೊಂಡದ್ದನ್ನೂ ಅವಳು ಬಾಗಿಲ ಹಿಂದೆ ನಿಂತು ಕೇಳಿದ್ದಳು.

ಆಮೇಲೆ ಯಾವ ಊರು ಕರೆದರೂ ಮೈಗೆ ಆರಾಮಿಲ್ಲ ಅಂದೆ.

ಐದು ತಿಂಗಳಿಗೆ, ದೇವದುರ್ಗದ ಸಂತೆಯಲ್ಲಿ, ಗೂಗಲ್ ಕಡೆಯ ಕುರಿಗಾರನೊಬ್ಬ ನನ್ನನ್ನು ಬೇವಿನ ಗಿಡದ ಮರೆಗೆ ಕರೆದ. ನನಗಿಂತ ಸಣ್ಣವನು, ಅವನ ಮರಿಗಳನ್ನು ಎಷ್ಟೋ ಸಲ ಮಾರಿಸಿಕೊಟ್ಟಿದ್ದೇನೆ. ಅವನ ಮಗಳು ಎಂಟನೆಯ ತರಗತಿ. ನನ್ನ ಪಾಠವನ್ನು ಗುಡಿಯ ಕಟ್ಟೆಯ ಮೇಲೆ ಕೂತು ಕೇಳಿದವಳು.

“ಅಣ್ಣಾರ, ಇದನ್ನಿಷ್ಟು ನೋಡ್ರಿ,” ಅಂತ ಫೋನ್ ಹಿಡಿದ.

ಮದರಂಗಿ ಹಚ್ಚಿದ ಎರಡು ಕೈ.

ಅದೇ ಸಿಂಧನೂರು, ಅದೇ ಕೆಟ್ಟ ಫೋನು, ಅದೇ ಆರು ಅಂಕಿ. ಆ ಹುಡುಗಿ ಎರಡು ದಿನದಿಂದ ಊಟ ಬಿಟ್ಟಿದ್ದಳು.

“ಮನ್ಯಾಗ ಬೈದ್ಯೇನು?” ಅಂತ ಕೇಳಿದೆ.

“ಬೈಲಿಲ್ರಿ. ಆಕಿ ಮಾರಿ ನೋಡಿ ಬೈಯಾಕ ಬಾಯಿ ಬರ್ಲಿಲ್ಲ. ಏನ್ ಮಾಡ್ಲಿ ಹೇಳ್ರಿ, ನೀವು ತಿಳಿದಾರು.”

ಅವನು ನನಗಿಂತ ತಿಳಿದವನಾಗಿದ್ದ. ಮರುದಿನ ಅವನ ಜೊತೆ ರಾಯಚೂರಿನ ಸ್ಟೇಷನ್ನಿಗೆ ಹೋದೆ. ಬಂದಿದ್ದ ಮಾತುಗಳನ್ನು ಅಳಿಸಬೇಡ, ಇದ್ದದ್ದು ಇದ್ದ ಹಾಗೆ ತೋರಿಸು ಅಂತ ದಾರಿಯುದ್ದಕ್ಕೂ ಬುದ್ಧಿ ಹೇಳುತ್ತಲೇ ಇದ್ದೆ. ಬುದ್ಧಿ ಹೇಳುವುದು ಮಾತ್ರ ನನ್ನಿಂದ ನಿಲ್ಲುವುದಿಲ್ಲ. ಅಲ್ಲಿದ್ದ ಹೆಣ್ಣುಮಗಳು, ಸಣ್ಣ ವಯಸ್ಸಿನ ಅಧಿಕಾರಿ, ಅವನ ಮಾತನ್ನೆಲ್ಲ ಸಮಾಧಾನದಿಂದ ಕೇಳಿ ಬರೆದುಕೊಂಡರು. ಮಗಳನ್ನು ಕರೆತರಲೇಬೇಕೆಂದೇನಿಲ್ಲ, ಬೇಕಾದರೆ ತಾವೇ ಖಾಕಿ ಬಿಟ್ಟು ಸಾದಾ ಬಟ್ಟೆಯಲ್ಲಿ ಮನೆಗೆ ಬಂದು ಮಾತಾಡುತ್ತೇವೆ, ಹೆಸರು ಹೊರಗೆ ಬರದಂತೆ ನೋಡಿಕೊಳ್ಳುತ್ತೇವೆ ಅಂದರು. ಅದನ್ನು ಕೇಳುತ್ತಾ ನಾನು ಬೆಂಚಿನ ಮೇಲೆ ಕುಗ್ಗಿದೆ. ಮಾನ್ವಿಯ ಆ ಪಡಸಾಲೆಯಲ್ಲಿ ನಾನು ಇದನ್ನು ಹೇಳಬಹುದಿತ್ತು. ಗೊತ್ತಿದ್ದರಲ್ಲವೇ ಹೇಳುವುದು? ವಿಚಾರಿಸಿಯೇ ಇರಲಿಲ್ಲ. ಬಿಟ್ಟುಕೊಡುವ ಮಾಲನ್ನು ಯಾರು ಪರೀಕ್ಷಿಸಿ ನೋಡುತ್ತಾರೆ?

ಆ ಅಧಿಕಾರಿ ಪೆನ್ನು ಎತ್ತಿಕೊಂಡು ನನ್ನ ಕಡೆ ತಿರುಗಿದರು. “ಇಂಥಾವ ಒಂದೇ ಹುಡುಗಿಗಿ ಮಾಡಿ ಬಿಡಂಗಿಲ್ರಿ. ನೀವು ಊರೂರು ತಿರುಗೋರು ಅಂತ ಇವ್ರು ಹೇಳಿದ್ರು. ನಿಮ್ಮ ಗುರುತಿನವರಾಗ ಯಾರಿಗಾದ್ರೂ ಹಿಂಗ ಆಗಿತ್ತೇನು? ಇನ್ನೊಂದು ಸಿಕ್ಕರ ನಮಗ ದಾರಿ ಸಲೀಸಾಗ್ತದ.”

ಕುರಿಗಾರ ನನ್ನ ಮುಖ ನೋಡಿದ. ಟವಲು ನನ್ನ ಹೆಗಲ ಮೇಲಿತ್ತು. ಸೊಸೆಯ ಹತ್ತನೆಯ ತರಗತಿ ಮುಗಿಯಲು ಇನ್ನೂ ಒಂಬತ್ತು ತಿಂಗಳಿತ್ತು. ಒಂದು ಹೌದು ಅಂದರೆ ಸಾಕು, ಆ ಚೀಲ ಮತ್ತೆ ಅಟ್ಟ ಹತ್ತುತ್ತದೆ.

“ಇಲ್ರೀ ಮೇಡಂ,” ಅಂದೆ. “ನಂಗ ಗೊತ್ತಿದ್ದಂಗ ಯಾರಿಗೂ ಇಲ್ಲ.”

ಹೊರಗೆ ಬಂದ ಮೇಲೆ ಕುರಿಗಾರ ನನ್ನ ಕಾಲು ಮುಟ್ಟಲು ಬಗ್ಗಿದ. ತಡೆದೆ. ಕೆಲಸ ಬಿಟ್ಟು ಜೊತೆಗೆ ಬಂದದ್ದಕ್ಕಂತೆ.

ಮುಂದಿನ ಭಾನುವಾರ ಮಾನ್ವಿಗೆ ಹೋದೆ. ತಂಗಿಯ ಗಂಡ ಗಿರಣಿಯಲ್ಲಿದ್ದ. ಸೊಸೆ ಕಿಟಕಿಯ ಹತ್ತಿರ ಗಣಿತ ಮಾಡುತ್ತಿದ್ದಳು. ಫೋನು ಮುಟ್ಟದೆ ಐದು ತಿಂಗಳಾಗಿತ್ತು. ಕಂಪ್ಯೂಟರ್ ತರಗತಿಗೂ ಹೆಸರು ಕೊಟ್ಟಿರಲಿಲ್ಲ. ಅವಳಿಗೆ ಎಲ್ಲವನ್ನೂ ಹೇಳಿದೆ. ಗೂಗಲ್‌ನ ಹುಡುಗಿಯದು, ಮದರಂಗಿಯ ಕೈಯದು, ಅಧಿಕಾರಿ ಕೇಳಿದ್ದು, ನಾನು ಅಂದದ್ದು.

ಅವಳು ಪೆನ್ಸಿಲ್ ಕೆಳಗಿಟ್ಟಳು.

“ಆಕಿ ಈಗ ಉಣ್ಣಾಕತ್ಯಾಳೇನು?”

“ಉಣ್ಣಾಕತ್ಯಾಳಂತ. ಶಾಲಿಗೂ ಹೋಗಾಕತ್ಯಾಳಂತ. ಅವರಪ್ಪನೇ ಶಾಲಿತನಕ ಬಿಟ್ಟು ಬರ್ತಾನಂತ.”

“ಚಲೋ ಆತು,” ಅಂದಳು.

ಇನ್ನೇನಾದರೂ ಅನ್ನುತ್ತಾಳೆಂದು ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತು. ಅವಳು ಪೆನ್ಸಿಲ್ ಎತ್ತಿಕೊಂಡು ಪುಸ್ತಕಕ್ಕೆ ಬಗ್ಗಿದಳು. ಆ ಪುಸ್ತಕ ಅವಳ ಮುಂದೆ ಇರಲಿ ಅಂತಲೇ ನಾನು ಇಲ್ಲ ಅಂದದ್ದು. ಆದರೆ ನಾನು ಎದ್ದು ಚಪ್ಪಲಿ ಮೆಟ್ಟಿ ಬಾಗಿಲು ದಾಟುವವರೆಗೂ ಅವಳು ಹಾಳೆ ತಿರುವಲಿಲ್ಲ.