ಬೋರಾನ್ ಮೇಷ್ಟ್ರ ಹೆಚ್ಚುಕಮ್ಮಿ
ಬೋರಾನ್ ಮೇಷ್ಟ್ರ ಬಾಯಿಂದ 'ಹೆಚ್ಚುಕಮ್ಮಿ' ಇಲ್ಲದೆ ಒಂದು ಸಂಖ್ಯೆ ಹೊರಡುವುದೇ ಅಪರೂಪ ಅನ್ನುವುದು ಪ್ರಯೋಗಶಾಲೆಯಲ್ಲಿ ಗಾಜು ಊದುವಾಕೆಯ ಇಪ್ಪತ್ತೆರಡು ವರ್ಷದ ಅನುಭವ. ಗಂಟೆ ಕೇಳಿದರೆ "ಹತ್ತೂಕಾಲು, ಅರ್ಧ ನಿಮಿಷ ಹೆಚ್ಚುಕಮ್ಮಿ". ಟೀಗೆ ಸಕ್ಕರೆ ಎಷ್ಟೆಂದರೆ "ಒಂದೂವರೆ ಚಮಚ, ಹತ್ತು ಹರಳು ಹೆಚ್ಚುಕಮ್ಮಿ". ಮಕ್ಕಳೆಷ್ಟು ಜನ ಅಂದರೆ "ಇಬ್ಬರು" ಅಂದು, ಮುಂದಿನದು ಹೇಳಲಾಗದ್ದಕ್ಕೆ ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಗಾಳಿ ಸೋಕಿದರೆ ಸಾಕು, ಭಗ್ಗೆಂದು ಹಸಿರಾಗಿ ಉರಿಯುವ, ಬೋರಾನ್ ಬೆರೆತ ಅನಿಲ ಎಷ್ಟು ಶಾಖ ಕೊಡುತ್ತದೆಂದು ಅಳೆಯುವುದರಲ್ಲೇ ಅವರ ತಲೆ ನರೆತಿದೆ. ಅಳೆಯುವ ದಿನವಂತೂ ಸಿಟ್ಟು ಮೂಗಿನ ತುದಿಯಲ್ಲೇ. ಅನಿಲ ಬಿಡುವ ಕವಾಟದ ಮೇಲೆ ಕೈಯಿಟ್ಟವರೇ ಗುಡುಗುತ್ತಾರೆ: "ಎಲ್ರೂ ಹೊರಗೆ! ನಿಮ್ಮ ಉಸಿರಿನ ಬಿಸಿಗೇ ನನ್ನ ಮೂರನೇ ದಶಾಂಶ ಹಾಳಾಗುತ್ತೆ!" ಶಿಷ್ಯರು ಗೊಣಗುತ್ತಾ ಕಾರಿಡಾರಿಗೆ ಬರುತ್ತಾರೆ. "ಹಾಗಾದ್ರೆ ಮೇಷ್ಟ್ರು ಉಸಿರಾಡೋದೇ ಇಲ್ವಾ?" ಅಂತ ಯಾರೋ ಒಬ್ಬ ಕೇಳುತ್ತಾನೆ, ಉಳಿದವರು ಬಿದ್ದು ಬಿದ್ದು ನಗುತ್ತಾರೆ. ಗಾಜಿನಾಕೆಯೂ ಮೊದಮೊದಲು ನಕ್ಕವಳೇ. ಆದರೆ ಒಮ್ಮೆ ಅವಳಿಗೆ ತಡೆಯಲಾಗಲಿಲ್ಲ, ಎಲ್ಲರೂ ಹೋದ ಮೇಲೆ ಬಾಗಿಲಲ್ಲೇ ನಿಂತು ಕೇಳಿಬಿಟ್ಟಳು: "ಸಾರ್, ನೀವು ಅನಿಲ ಉರಿಸಿ ಅಳೆಯೋ ಆ ಗಾಜಿನ ಪಾತ್ರೆ ಊದಿದವಳು ನಾನು. ಎರಡು ಗೋಡೆ, ನಡುವೆ ಗಾಳೀನೇ ಇಲ್ಲ. ಅದಕ್ಕೆ ಯಾರ ಉಸಿರು ತಾಗುತ್ತೆ?" ಮೇಷ್ಟ್ರು ಕವಾಟದಿಂದ ಕೈ ತೆಗೆಯಲಿಲ್ಲ, ತಿರುಗಿಯೂ ನೋಡಲಿಲ್ಲ. "ಗೊತ್ತಮ್ಮಾ. ಏನಾದ್ರೂ ಹೆಚ್ಚುಕಮ್ಮಿಯಾದ್ರೆ ಒಳಗೆ ಒಬ್ಬನೇ ಇರ್ಲಿ ಅಂತ. ಹುಡುಗರಿಗೆ ಹೇಳ್ಬೇಡಿ. ಬಾಗಿಲು ಎಳ್ಕೊಂಡು ಹೋಗಿ." ಅಂದಿನಿಂದ ಕಾರಿಡಾರಿನ ಆ ನಗುವಿನ ನಡುವೆ, ಬಾಗಿಲು ಮತ್ತೆ ತೆರೆಯುವವರೆಗೆ ಉಸಿರು ಬಿಗಿಹಿಡಿದು ನಿಲ್ಲುವವಳು ಅವಳೊಬ್ಬಳೇ.