ಆನೆ ಬಂದಾಗಿನ ದಾರಿ

ನನ್ನ ವ್ಯಾನಿನಲ್ಲಿ ಡ್ರೈವರ್ ಪಕ್ಕದ ಸೀಟು ಈಗ ಖಾಲಿ. ಹಿಂದೆ ಜಾಗ ಸಾಲದೆ ಹೆಣ್ಣುಮಕ್ಕಳು ಒತ್ತಿಕೊಂಡು ಕೂತರೂ ಅಲ್ಲಿಗೆ ಯಾರೂ ಬರೋದಿಲ್ಲ. ಅದು ಅಕ್ಕನ ಸೀಟು ಅಂತ ಎಲ್ಲರಿಗೂ ಗೊತ್ತು.

ಅಕ್ಕ ಅಂದರೆ ನನ್ನ ಒಡಹುಟ್ಟಿದವಳಲ್ಲ. ನಮ್ಮೂರವಳು, ಹೊಸೂರಿನ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಪಾತ್ರೆ ತೊಳೀತಾಳೆ. ಗಂಡ ಇಲ್ಲ, ಮಗಳು ಮದುವೆಯಾಗಿ ದೂರ ಹೋದಳು, ಮೇಲೆ ಮಂಡಿ ನೋವು. ನಮ್ಮೂರ ಹೆಂಗಸರನ್ನ ಬೆಳಿಗ್ಗೆ ಕಾರ್ಖಾನೆಗೆ ಬಿಟ್ಟು ಸಾಯಂಕಾಲ ಮನೆ ಬಾಗಿಲಿಗೆ ತಂದು ಇಳಿಸೋದು ನನ್ನ ಕೆಲಸ. ವ್ಯಾನು ನನ್ನದೇ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಲಾರಿಗೆ ಕ್ಲೀನರಾಗಿ ಸೇರಿ, ಟೈರು ಕಳಚಿ ಟೈರು ಹಾಕಿ ಮೇಲೆ ಬಂದವನು ನಾನು. ಈ ಮಾತನ್ನ ಬೇಡದ ಕಡೆಯೂ ಹೇಳ್ತೀನಿ ಅಂತ ನನ್ನ ಹೆಂಡತಿ ರೇಗ್ತಾಳೆ.

ನಮ್ಮೂರು ಸಾನಮಾವು ಕಾಡಿನ ಆಚೆ ಮಗ್ಗುಲಲ್ಲಿದೆ; ಮನೆ ಮಾತು ಕನ್ನಡ, ಸರ್ಕಾರ ತಮಿಳುನಾಡಿನದು. ಪರ್ಮಿಟ್ಟಿನಲ್ಲಿ ಬರೆದಿರೋ ದಾರಿ ಕಾಡಿನೊಳಗೇ ನೆಟ್ಟಗೆ ಹೋಗ್ತದೆ. ರಾಗಿ ತೆನೆ ಬಲಿಯೋ ಕಾಲಕ್ಕೆ ಆನೆಗಳು ಇಳಿದರೆ ಆ ದಾರಿ ಮುಗೀತು. ಹೊಲ ಕಾಯೋರು ಯಾರಾದರೂ ಫೋನ್ ಮಾಡಿ ‘ಸಾಮಿ ಬಂದದೆ’ ಅಂದರೆ ಸಾಕು. ಆನೆಯನ್ನ ಹೆಸರು ಹಿಡಿದು ಕರೆಯೋದಿಲ್ಲ ಅವರು. ನಾನು ಸೂಳಗಿರಿ ಕಡೆಯಿಂದ ಸುತ್ತಿಕೊಂಡು, ಕೆರೆ ಏರಿ ಹಾದು, ಊರಿನ ಹಿಂಭಾಗದಿಂದ ಒಳಗೆ ಬರ್ತಿದ್ದೆ. ಅದಕ್ಕೆ ಯಾರ ಅಪ್ಪಣೆಯೂ ಇರಲಿಲ್ಲ, ಯಾರೂ ಕೇಳ್ತಲೂ ಇರಲಿಲ್ಲ.

ಆಮೇಲೆ ಬಾಡಿಗೆ ಗಾಡಿಗಳಿಗೆಲ್ಲ ಜಾಗ ತೋರಿಸೋ ಪೆಟ್ಟಿಗೆ ಹಾಕಿಸಬೇಕು ಅಂತ ಸರ್ಕಾರದ ಕಾನೂನು ಬಂತು. ಅಂಗೈ ಅಗಲದ್ದು. ಮೇಲಿರೋ ಉಪಗ್ರಹಗಳನ್ನ ಹಿಡಿದು, ಗಾಡಿ ಎಲ್ಲಿದೆ ಅಂತ ಕಂಟ್ರೋಲ್ ರೂಮಿಗೆ ತಿಳಿಸ್ತದೆ. ಹೆಂಗಸರಿಗೆ ಅಪಾಯ ಅನ್ನಿಸಿದರೆ ಒತ್ತೋಕೆ ಒಂದು ಕೆಂಪು ಗುಂಡಿ ಬೇರೆ. ಒಂದೊಂದು ವ್ಯಾನಿನ ದಾರಿಗೂ ಮ್ಯಾಪಿನಲ್ಲಿ ಗೆರೆ ಹಾಕಿ, ಗೆರೆ ಬಿಟ್ಟರೆ ಸುದ್ದಿ ಹೋಗೋ ಹಾಗೆ ಮಾಡ್ತಾರೆ ಅಂತಲೂ ಹೇಳಿದರು. ಅದಕ್ಕೆ ಮುಂಚೆ ಡ್ರೈವರುಗಳ ಅಭಿಪ್ರಾಯ ಕೇಳೋಣ ಅಂತ ಕೃಷ್ಣಗಿರಿಯಲ್ಲಿ ಆರ್‌ಟಿಓದವರು ಸಭೆ ಕರೆದರು.

ಆವತ್ತು ಬೆಳಿಗ್ಗೆ ಅಕ್ಕ ಇಳಿಯೋವಾಗ ಅಂದಳು, “ಸಾಮಿ ಬಂದಾಗಿನ ದಾರಿ ಹೇಳ್ಬುಡಪ್ಪ. ಮರೀಬೇಡ. ಇಲ್ದಿದ್ರೆ ನನ್ನ ಮಂಡಿ ಕಾಡಲ್ಲೇ ಉಳೀತದೆ.”

“ಅದನ್ನ ಮರೆತೀನಾ ಅಕ್ಕ?”

“ಮೈಕು ಸಿಕ್ಕಿದ್ರೆ ನೀನು ನಿನ್ನ ಹೆಸರೇ ಮರೆತೀಯ.”

ಸಭೆಯಲ್ಲಿದ್ದ ಅಧಿಕಾರಿ ಚಿಕ್ಕ ವಯಸ್ಸಿನ ಹೆಣ್ಣುಮಗಳು. ತಮಿಳಿನಲ್ಲಿ ನಿಧಾನವಾಗಿ ಬಿಡಿಸಿ ಹೇಳಿದಳು: ಇಷ್ಟು ದಿನ ಹೊರದೇಶದ ಉಪಗ್ರಹಗಳನ್ನೇ ನೆಚ್ಚಿಕೊಂಡಿದ್ದೆವು, ಈಗ ನಮ್ಮ ದೇಶದವೂ ಇವೆ, ಪೆಟ್ಟಿಗೆ ಎರಡನ್ನೂ ಹಿಡಿಯೋ ಹಾಗಿರಬೇಕು. “ಆಕಾಶದ ಕಡೆ ಕೆಲಸ ಉಪಗ್ರಹದವರು ನೋಡ್ಕೋತಾರೆ. ನೆಲದ ಮೇಲಿನ ದಾರಿ ನೀವು ಹೇಳಿ” ಅಂದಳು.

ನನ್ನ ಸಾಲಿನಲ್ಲಿದ್ದ ಡ್ರೈವರುಗಳು ಗುಸುಗುಸು ಅಂತಿದ್ದರು. ಪರ್ಮಿಟ್ ಬಿಟ್ಟು ಹೋಗ್ತೀನಿ ಅಂತ ಒಪ್ಪಿಕೊಂಡವನನ್ನ ಗುರುತಿಟ್ಟುಕೋತಾರೆ, ಯಾವನೂ ಬಾಯಿ ಬಿಡಬೇಡಿ ಅಂತ. ಆರ್‌ಟಿಓ ಎದುರು ನಿಂತ ಡ್ರೈವರು ಯಾವತ್ತೂ ನೆಟ್ಟಗಿನ ದಾರೀಲೇ ಹೋಗಿರ್ತಾನೆ. ನಾವು ಕಲಿತಿರೋ ವಿದ್ಯೆ ಅದು. ಮೈಕು ನನ್ನ ಕೈಗೆ ಬಂತು. ಸರ್ಕಾರ ನನ್ನನ್ನ ಅಭಿಪ್ರಾಯ ಕೇಳಿದ್ದು ಅದೇ ಮೊದಲು. ನಿಂತೆ. ಲಾರಿ ಕ್ಲೀನರ್ ಕತೆಯಿಂದಲೇ ಶುರು ಮಾಡಿದೆ.

ಅಧಿಕಾರಿ ಪೂರ್ತಿ ಕೇಳಿಸಿಕೊಂಡು, “ನಿಮ್ಮದು ಕಾಡಿನ ಪಕ್ಕದ ದಾರಿ. ಬಿಟ್ಟು ಬೇರೆ ಕಡೆ ಹೋಗಬೇಕಾದ ಸಂದರ್ಭ ಬರ್ತದಾ? ಹೇಳಿ, ಇನ್ನೊಂದು ಗೆರೆ ಹಾಕಬಹುದು” ಅಂದಳು.

ಬಾಗಿಲು ತೆಗೆದು ಕೊಟ್ಟ ಹಾಗಿತ್ತು. ನಾನು ಎದೆ ಉಬ್ಬಿಸಿ, “ನನ್ನ ಗಾಡಿ ಪರ್ಮಿಟ್ ದಾರಿ ಬಿಟ್ಟು ಒಂದಡಿ ಆಚೆ ಹೋಗಲ್ಲಮ್ಮ” ಅಂದೆ. ಹಿಂದಿನಿಂದ ಚಪ್ಪಾಳೆ ಬಿತ್ತು. ಚಪ್ಪಾಳೆ ನಿಲ್ಲೋ ಮುಂಚೆ ಅಕ್ಕನ ಮಂಡಿ ನೆನಪಾಯ್ತು. ಮೈಕು ಇನ್ನೂ ಕೈಯಲ್ಲೇ ಇತ್ತು. ಪಕ್ಕದವನಿಗೆ ಕೊಟ್ಟು ಕೂತೆ.

ಸಾಯಂಕಾಲ ಅಕ್ಕ ಕೇಳಿದಳು, “ಹೇಳಿದ್ಯೇನಪ್ಪ?”

“ಹೇಳ್ದೆ ಕಣಕ್ಕ.”

“ಏನಂದ್ರು?”

“ನೋಡ್ತೀವಿ ಅಂದ್ರು.”

ರಾಗಿ ಬಲಿತು ಆನೆ ಇಳಿದ ಮೊದಲ ಸಂಜೆ ಎಂದಿನಂತೆ ಸುತ್ತಿಕೊಂಡು ಬಂದೆ. ಮಾರನೇ ಬೆಳಿಗ್ಗೆಯೇ, ಕಾರ್ಖಾನೆಗೆ ನಮ್ಮಂಥವರ ವ್ಯಾನು ಗೊತ್ತು ಮಾಡೋ ಕಂಟ್ರಾಕ್ಟರ್ ಕರೆದ. ಗೆರೆ ಬಿಟ್ಟಿದ್ದೀಯ, ಕಾರ್ಖಾನೆ ಆಫೀಸಿಗೆ ಸುದ್ದಿ ಹೋಗಿದೆ, ಇನ್ನೊಂದು ಸಲ ಹೀಗಾದರೆ ಟ್ರಿಪ್ಪು ಬೇರೆಯವರಿಗೆ ಅಂದ. ಆಮೇಲಿಂದ ಆನೆ ಬಂದ ದಿನವೆಲ್ಲ ಮೇನ್ ರೋಡಿನಲ್ಲೇ, ಕಾಡು ಶುರುವಾಗೋ ಕಡೆ ಗಾಡಿ ನಿಲ್ಲಿಸ್ತಿದ್ದೆ. ಹುಡುಗಿಯರು ಮನೆಗೆ ಫೋನ್ ಮಾಡ್ತಿದ್ದರು. ಅಣ್ಣನೋ ಗಂಡನೋ ಸುತ್ತು ದಾರೀಲಿ ಬೈಕು ತಂದು ಕರಕೊಂಡು ಹೋಗ್ತಿದ್ದರು. ಬೈಕಿನ ಮೇಲೆ ಕಾಲೆತ್ತಿ ಹಾಕೋಕೆ ಅಕ್ಕನಿಗೆ ಆಗಲ್ಲ. ಅವಳು ಟೀ ಅಂಗಡಿ ಬೆಂಚಿನ ಮೇಲೆ, ಟಿಫಿನ್ ಚೀಲ ತೊಡೆ ಮೇಲಿಟ್ಟುಕೊಂಡು, ಊರು ಮುಟ್ಟಿಸೋ ಫಾರೆಸ್ಟಿನವರ ಜೀಪಿಗೆ ಕಾಯ್ತಿದ್ದಳು. ನಾನೂ ಕಾಯ್ತಿದ್ದೆ. ಅವಳು ನನಗೂ ಟೀ ಹೇಳ್ತಿದ್ದಳು.

“ನೀನು ಹೇಳಿದ್ರೂ ಹಿಂಗ್ ಮಾಡವ್ರಲ್ಲ” ಅಂದಳು ಒಂದು ಸಂಜೆ. “ಸರ್ಕಾರಕ್ಕೆ ಕಿವಿ ಎಲ್ಲಿ ಅದೆ?”

ಟೀ ಲೋಟ ಕೆಳಗಿಟ್ಟೆ. ನನಗೋಸ್ಕರ ಅವಳು ಸರ್ಕಾರವನ್ನ ಬೈತಿದ್ದಳು.

ಮಾರನೇ ವಾರ ರಜೆ ಹಾಕಿ ಕೃಷ್ಣಗಿರಿ ಆಫೀಸಿಗೆ ಹೋದೆ. ಅಧಿಕಾರಿ ಇರಲಿಲ್ಲ. ಗುಮಾಸ್ತ ಕೇಳಿಸಿಕೊಂಡು, ಗಾಡಿಯಲ್ಲಿ ಓಡಾಡೋ ಹೆಂಗಸರಲ್ಲಿ ಒಬ್ಬರನ್ನ ಕರಕೊಂಡು ಬಂದು ಹೇಳಿಸಿ, ಬೇಗ ಆಗ್ತದೆ ಅಂದ. ಅಕ್ಕನನ್ನೇ ಕರಕೊಂಡು ಹೋದೆ. ಆ ಅಧಿಕಾರಿಗೆ ದಿನಾ ನನ್ನಂಥವರು ಎಷ್ಟು ಜನವೋ, ನನ್ನ ಮುಖ ಯಾಕೆ ನೆನಪಿರ್ತದೆ ಅಂತ ನನ್ನ ಎಣಿಕೆ.

ನೆನಪಿತ್ತು. “ಲಾರಿ ಕ್ಲೀನರ್ ಅಣ್ಣ” ಅಂತ ನಕ್ಕು, ಅಕ್ಕನಿಗೆ ಕುರ್ಚಿ ಕೊಟ್ಟು, ಎಲ್ಲ ಕೇಳಿದಳು. ಆಮೇಲೆ ತಮಿಳಿನಲ್ಲಿ, ಕೋಪವಿಲ್ಲದೆ, “ಇದನ್ನೇ ಅಲ್ವಾ ಆವತ್ತು ನಾನು ನಿಮ್ಮನ್ನ ಕೇಳಿದ್ದು? ಅಂಥ ಸಂದರ್ಭವೇ ಇಲ್ಲ ಅಂದ್ರಲ್ಲ. ಯಾಕಣ್ಣ?” ಅಂದಳು.

ಅಕ್ಕನಿಗೆ ತಮಿಳು ನನಗಿಂತ ಚೆನ್ನಾಗಿ ಬರ್ತದೆ. ನಾನು ಅವಳ ಕಡೆ ತಿರುಗಲಿಲ್ಲ.

“ಮರ್ಯಾದೆಗೆ ಅಂದ್ಬುಟ್ಟೆ ಅಮ್ಮ” ಅಂದೆ.

ಅಧಿಕಾರಿ ಕಂಪ್ಯೂಟರ್ ನಮ್ಮ ಕಡೆ ತಿರುಗಿಸಿ, ದಾರಿ ತೋರಿಸಿ ಅಂದಳು. ನಾನು ಪರದೆ ಮೇಲೆ ಬೆರಳಿಟ್ಟು ದಾರಿ ಎಳೆದೆ. ಕೆರೆ ಏರಿ ಹತ್ತಿರ ತಿರುವು ತಪ್ಪಿತು. “ಅಲ್ಲಲ್ಲ, ಅರಳಿ ಮರದ ಎಡಕ್ಕೆ” ಅಂತ ಅಕ್ಕ ಸರಿ ಮಾಡಿದಳು, ಅಧಿಕಾರಿಗೆ, ನನಗಲ್ಲ. ಎರಡನೇ ಗೆರೆಗೆ ಮೇಲಿನವರ ಒಪ್ಪಿಗೆ ಬರಬೇಕು. ಅಲ್ಲೀವರೆಗೆ ಆನೆ ಬಂದರೆ ತಿರುಗೋ ಮುಂಚೆ ಕಂಟ್ರೋಲ್ ರೂಮಿಗೆ ಫೋನ್ ಮಾಡಿ ಹೇಳಿ ಹೋಗಿ, ಕಂಟ್ರಾಕ್ಟರಿಗೆ ನಾನು ತಿಳಿಸ್ತೀನಿ ಅಂದಳು. ಅಷ್ಟು ಸುಲಭದ ಕೆಲಸ. ಸಭೆಯ ದಿನವೇ ಆಗಬಹುದಿತ್ತು.

ವಾಪಸ್ ಬರೋವಾಗ ಅಕ್ಕ ಹಿಂದೆ ಹೋಗಿ ಕೂತಳು. ಇಡೀ ವ್ಯಾನು ಖಾಲಿ, ನಾವಿಬ್ಬರೇ. ಸೂಳಗಿರಿ ದಾಟೋವರೆಗೂ ನಾನು ಕನ್ನಡಿಯಲ್ಲಿ ನೋಡ್ತಾ ಇದ್ದೆ. ಅವಳು ಹೊರಗೆ ನೋಡ್ತಿದ್ದಳು.

“ಬೈದ್ಬುಡಕ್ಕ” ಅಂದೆ.

“ಏನಂತ ಬೈಲಿ? ನಿನ್ನ ಪರವಾಗಿ ಟೀ ಅಂಗಡೀಲಿ ಊರವರ ಹತ್ರೆಲ್ಲಾ ವಾದ ಮಾಡೀನಿ. ಆ ಮಾತೆಲ್ಲ ಎಲ್ಲಿ ವಾಪಸ್ ತಗಳ್ಳಿ?”

ಈಗ ಆನೆ ಇಳಿದರೆ ಕಂಟ್ರೋಲ್ ರೂಮಿಗೆ ಫೋನ್ ಮಾಡಿ ತಮಿಳಿನಲ್ಲಿ ‘ಯಾನೈ’ ಅಂತೀನಿ. ಆ ಕಡೆಯವರು ಸರಿ ಅಂತಾರೆ. ಸುತ್ತಿಕೊಂಡು ಬಂದು ಒಬ್ಬೊಬ್ಬರನ್ನೂ ಬಾಗಿಲಿಗೇ ಇಳಿಸ್ತೀನಿ. ಅಕ್ಕ ಇಳಿಯೋವಾಗ “ಬತ್ತೀನಪ್ಪ” ಅಂತಾಳೆ, ಮುಂಚಿನ ಹಾಗೇ. ಮುಂದೆ ಬಾ ಅಕ್ಕ ಅಂತ ನಾನು ಬೆಳಿಗ್ಗೆ ಕರೀತೀನಿ.

“ಇಲ್ಲೇ ಸರಿ ಕಣಪ್ಪ, ಗಾಳಿ ಬತ್ತದೆ” ಅಂತಾಳೆ.

ಅವಳು ಕೂರೋ ಕಡೆ ಕಿಟಕಿ ಗಾಜು ಕೆಟ್ಟು ಕೂತಿದೆ, ತೆಗೆಯೋಕೆ ಬರಲ್ಲ. ಸರಿ ಮಾಡಿಸಬಹುದು. ಮಾಡಿಸಿದರೆ ಅವಳು ಅಲ್ಲೇ ಉಳೀತಾಳೆ ಅಂತ ಹಾಗೇ ಬಿಟ್ಟಿದ್ದೀನಿ.